ಐಷಾರಾಮಿ ಯಾಟ್‌ನಲ್ಲಿ ನೌಕರಿ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಿಂದ ಸಮುದ್ರ ನೋಡಬೇಕಂದರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಆದರೂ ವಾರಕ್ಕೆ ಒಬ್ಬರಾದರೂ ಯಾಟ್ ನೌಕರಿ ಬಗ್ಗೆ ವಿಚಾರಿಸಲು ನನಗೆ ಫೋನ್ ಮಾಡುತ್ತಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಗದಗಿನ ಹುಡುಗ, ಐಟಿಐ ಮಾಡಿದ ರಾಣೆಬೆನ್ನೂರಿನವ, ಮಗಳ ಸಲುವಾಗಿ ಕೇಳುವ ತಾಯಿ. ನಾನು ಎರಡು ವರ್ಷ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ, ಆಮೇಲೆ ಐದು ವರ್ಷ ಯಾಟ್‌ಗಳಲ್ಲಿ ಕ್ರೂಗೆ, ಅಂದರೆ ಅಲ್ಲಿನ ಸಿಬ್ಬಂದಿಗೆ, ಅಡುಗೆಯವನಾಗಿ ದುಡಿದು ಈಗ ಧಾರವಾಡಕ್ಕೆ ಹೊಳ್ಳಿ ಬಂದವನು. ಹೇಳಿದ್ದನ್ನೇ ಹೇಳಿ ಬಾಯಿ ಒಣಗಿತು, ಅದಕ್ಕೆ ಬರೆದಿಡುತ್ತಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ.

ಯಾಟ್ ಅಂದ್ರ ಸಣ್ಣ ಕ್ರೂಸ್ ಹಡಗೇನ್ರಿ?

ಕ್ರೂಸ್ ಹಡಗು ತೇಲುವ ಲಾಡ್ಜು. ಸಾವಿರಾರು ಮಂದಿ ಟಿಕೆಟ್ ತೆಗೆದುಕೊಂಡು ಹತ್ತುತ್ತಾರೆ. ಯಾಟ್ ಒಬ್ಬನ ಮನೆ. ಆ ಮನೆಯನ್ನು ಮಾಲೀಕ ತಾನಷ್ಟೇ ಬಳಸಿದರೆ ಖಾಸಗಿ ಯಾಟ್, ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಚಾರ್ಟರ್ ಯಾಟ್. ಈ ಫರಕು ನೆನಪಿಟ್ಟುಕೊಳ್ಳಿ, ಪಗಾರದಿಂದ ಹಿಡಿದು ಕಾನೂನಿನ ತನಕ ಎಲ್ಲ ಇದರ ಮೇಲೇ ನಿಂತಿದೆ.

24 ಮೀಟರಿಗಿಂತ ಉದ್ದದ್ದನ್ನು ಸೂಪರ್‌ಯಾಟ್ ಅನ್ನುವುದು ರೂಢಿ. 2013ರಲ್ಲಿ ಜರ್ಮನಿಯಲ್ಲಿ ಕಟ್ಟಿದ ‘ಅಜ್ಜಾಮ್’ ಸುಮಾರು 180 ಮೀಟರ್ ಇದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿಗೆ ಹಚ್ಚಿ ಅಂಥವನ್ನು ಸಾಲಾಗಿ ಎಂಟು ನಿಲ್ಲಿಸಬಹುದು. ನಾನಿದ್ದವು 40ರಿಂದ 60 ಮೀಟರಿನವು. ಬಾಡಿಗೆಗೆ ಹೋಗುವ ಬಹುತೇಕ ಯಾಟ್‌ಗಳಲ್ಲಿ ಅತಿಥಿಗಳು ಹನ್ನೆರಡಕ್ಕಿಂತ ಹೆಚ್ಚಿರುವುದಿಲ್ಲ. ಹದಿಮೂರನೆಯವ ಹತ್ತಿದರೆ ಪ್ರಯಾಣಿಕರ ಹಡಗಿನ ಕಾನೂನು ಮೈಮೇಲೆ ಬರುತ್ತದೆ. ಆ ಹನ್ನೆರಡು ಮಂದಿಗೆ ನಾವು ಹದಿಮೂರು ಮಂದಿ ಕ್ರೂ. ಬೀಗರಿಗಿಂತ ಬಡಿಸುವವರೇ ಹೆಚ್ಚಿರುವ ಮದುವೆಮನೆ.

ಪಗಾರ ಎಷ್ಟ್ ಬರ್ತೈತಿ? ಖರೇನ ಹೇಳ್ರಿ.

ಮೆಡಿಟರೇನಿಯನ್ ಕಡೆಯ ಯಾಟ್‌ನಲ್ಲಿ ಹೊಸದಾಗಿ ಸೇರಿದ ಡೆಕ್‌ಹ್ಯಾಂಡ್‌ಗೋ (ಹೊರಗಿನ ಅಟ್ಟದ ಕೆಲಸದವ) ಸ್ಟೂವರ್ಡೆಸ್‌ಗೋ (ಒಳಗಿನ ಕೆಲಸದಾಕೆ) ತಿಂಗಳಿಗೆ ಸಾಮಾನ್ಯವಾಗಿ 2,000ದಿಂದ 3,000 ಯೂರೋ. ಊಟ, ಹಾಸಿಗೆ, ಸಮವಸ್ತ್ರ, ಸಾಬೂನು, ಹಲ್ಲುಜ್ಜುವ ಪೇಸ್ಟಿನ ತನಕ ಎಲ್ಲ ಯಾಟ್‌ನದೇ. ಮನೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ರೊಕ್ಕ ಖರ್ಚು ಮಾಡಲು ಪುರಸೊತ್ತೂ ಇಲ್ಲ. ಹೀಗಾಗಿ ಬಂದದ್ದು ಬಂದಂತೆ ಉಳಿಯುತ್ತದೆ.

ಚಾರ್ಟರ್ ಆದರೆ ಮೇಲೆ ಟಿಪ್ಸು. ಮೆಡಿಟರೇನಿಯನ್ನಿನಲ್ಲಿ ಬಾಡಿಗೆಯ ಶೇ 5ರಿಂದ 15, ಕೆರಿಬಿಯನ್ ಕಡೆ ಶೇ 15ರಿಂದ 20 ಕೊಡುವ ರೂಢಿ ಇದೆ. ವಾರದ ಬಾಡಿಗೆ ಒಂದು ಲಕ್ಷ ಯೂರೋ, ಟಿಪ್ ಶೇ 10, ಕ್ರೂ ಹತ್ತು ಮಂದಿ ಅಂತಿಟ್ಟುಕೊಂಡರೆ ಒಂದೇ ವಾರಕ್ಕೆ ತಲೆಗೆ ಸಾವಿರ ಯೂರೋ. ಖಾಸಗಿ ಯಾಟ್‌ನಲ್ಲಿ ಇದರ ಆಸೆ ಬೇಡ, ತನ್ನ ಮನೆಯಲ್ಲಿ ತಾನು ಉಂಡಿದ್ದಕ್ಕೆ ಯಾರು ಟಿಪ್ ಕೊಡುತ್ತಾರೆ?

ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ನನ್ನ ಹಾಗೆ ಕೆಡುತ್ತೀರಿ. ಅಲ್ಲಿ ಬೇಸಿಗೆಯ ಹಂಗಾಮು ಮೇಯಿಂದ ಸೆಪ್ಟೆಂಬರ್, ಬಹಳವೆಂದರೆ ಅಕ್ಟೋಬರ್. ಚಳಿಗಾಲಕ್ಕೆ ಕೆಲವು ಯಾಟ್‌ಗಳು ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿಗೆ ಹೋಗುತ್ತವೆ, ಉಳಿದವು ದುರಸ್ತಿಗೆ ನಿಲ್ಲುತ್ತವೆ. ಹಂಗಾಮಿಗೆಂದೇ ತೆಗೆದುಕೊಂಡವರನ್ನು ಆಗ ಮನೆಗೆ ಕಳಿಸಿಬಿಡುತ್ತಾರೆ. ಮೊದಲ ವರ್ಷ ನಾನು ದುಡಿದದ್ದು ಐದೂವರೆ ತಿಂಗಳು, ಮನೆಯಲ್ಲಿ ಕೂತದ್ದು ಆರೂವರೆ. ಗದಗಿನಲ್ಲಿ ಹೆಸರು ಬಿತ್ತುವ ರೈತನ ಲೆಕ್ಕವೇ ಇದು. ರಾಶಿ ಮಾಡಿದ ತಿಂಗಳ ರೊಕ್ಕ ನೋಡಿ ಹಿಗ್ಗಬಾರದು, ಹನ್ನೆರಡರಿಂದ ಭಾಗಿಸಬೇಕು.

ದುಬೈನ ಬಾಡಿಗೆ ಬೋಟುಗಳಲ್ಲಿ ನಮ್ಮ ದೇಶದವರು ಬಹಳ ಮಂದಿ ಇದ್ದಾರೆ. ಅಲ್ಲಿ ಸೇರುವುದು ಸುಲಭ, ಪಗಾರ ಮಾತ್ರ ಮೇಲೆ ಹೇಳಿದ್ದಕ್ಕಿಂತ ಬಹಳ ಕಡಿಮೆ.

ಇದಕ್ಕ ಇನ್‌ಕಮ್ ಟ್ಯಾಕ್ಸ್ ಐತೇನು?

ಹಣಕಾಸು ವರ್ಷದಲ್ಲಿ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದರ ಮೇಲಿದೆ, 182 ದಿನದ ಲೆಕ್ಕ ಮುಖ್ಯ. ಪಾಸ್‌ಪೋರ್ಟಿನ ಠಸ್ಸೆಗಳನ್ನೂ ಕರಾರು ಪತ್ರಗಳನ್ನೂ ಜೋಪಾನ ಮಾಡಿ, ಹೊರದೇಶದಲ್ಲಿ ದುಡಿಯುವವರಿಗೆ ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆ ತೆರೆಸಿ, ಒಬ್ಬ ಸಿಎ ಹತ್ತಿರ ಒಮ್ಮೆ ಕೂತು ಬನ್ನಿ. ಗೆಳೆಯ ಹೇಳಿದ ಅಂತ ನಂಬಬೇಡಿ.

ದಿನಾ ಏನ್ ಕೆಲಸ ಇರ್ತೈತ್ರಿ? ಸಮುದ್ರ ನೋಡ್ಕೋತ ಇರೋದಾ?

ಯಾಟ್ ಹತ್ತುವಾಗ ಬೂಟು-ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ತೇಗದ ಡೆಕ್ಕಿಗೆ ಕಲೆಯಾಗಬಾರದೆಂದು ಕೋಟ್ಯಧೀಶನೂ ಬೂಟು ಬುಟ್ಟಿಗೆ ಹಾಕಿ ಬರಿಗಾಲಲ್ಲಿ ಬರುತ್ತಾನೆ. ಮೊದಲ ದಿನ ಅದನ್ನು ನೋಡಿ ನನಗೆ ಯಾವುದೋ ಸೋದರಮಾವನ ಮನೆಗೆ ಬಂದಂತಾಗಿತ್ತು. ಆ ಸಲಿಗೆ ಅಲ್ಲಿಗೇ ಮುಗಿಯಿತು.

ಕೆಲಸವೆಂದರೆ ಒರೆಸುವುದು. ಡೆಕ್ಕಿನ ಹುಡುಗರು ಅತಿಥಿಗಳು ಏಳುವ ಮೊದಲು ರಾತ್ರಿಯ ಇಬ್ಬನಿಯನ್ನು ಶಮಿ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು, ಉಪ್ಪು ತೊಳೆಯಬೇಕು, ಸ್ಟೀಲಿನ ಕಂಬಿ ತಿಕ್ಕಬೇಕು, ಬಂದರಿಗೆ ಬಂದಾಗ ಹಗ್ಗ ಎಸೆಯಬೇಕು, ಯಾಟ್ ಗೋಡೆಗೆ ತಾಗದಂತೆ ತಡೆಯುವ ಫೆಂಡರ್ ಇಳಿಬಿಡಬೇಕು, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಮಂದಿಯನ್ನು ದಡಕ್ಕೆ ಒಯ್ದು ತರಬೇಕು. ಒಳಗಿನ ಕೆಲಸದವರು ಬಚ್ಚಲಿನ ನಳದ ಸಂದಿಗಳನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಶುಚಿ ಮಾಡುತ್ತಾರೆ. ಇದು ಚೇಷ್ಟೆಯ ಮಾತಲ್ಲ, ದಿನಾ ಮಾಡುತ್ತಾರೆ. ಕಾರ್ಪೆಟ್ಟಿನ ಮೇಲೆ ತಮ್ಮ ಹೆಜ್ಜೆ ಉಳಿಯಬಾರದೆಂದು ವ್ಯಾಕ್ಯೂಮ್ ಹಿಡಿದು ಹಿಂದೆ ಹಿಂದೆ ಸರಿಯುತ್ತ ಖೋಲಿಯಿಂದ ಹೊರಗೆ ಬರುತ್ತಾರೆ. ಅತಿಥಿ ತಿರುಗಿ ಬಂದಾಗ ಎಲ್ಲ ತನ್ನಷ್ಟಕ್ಕೆ ಶುಚಿಯಾದ ಹಾಗೆ ಕಾಣಬೇಕು, ಮಾಡಿದವರು ಕಾಣಬಾರದು. ನೀವು ಪಗಾರ ತೆಗೆದುಕೊಳ್ಳುವುದೇ ಇದಕ್ಕೆ ಅಂತ ನನಗೆ ಮೂರನೇ ವರ್ಷ ತಿಳಿಯಿತು.

ಡೆಕ್ ತೊಳೆಯಲು ಕೈ ಸಾಲದಿದ್ದರೆ ಅಡುಗೆಯವನನ್ನೂ ಕರೆಯುತ್ತಿದ್ದರು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ ಒಳಗೇ ಇರುತ್ತದೆ, ಪೈಪಿನಲ್ಲಿ ಅದನ್ನು ಹೊಳೆಯಂತೆ ಹರಿಸಿ ತೊಳೆಯುವುದು. ಆಗ ಹುಬ್ಬಳ್ಳಿಯ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ಅವ್ವ ಕೊಡ, ಬಕೆಟ್ಟು, ಬ್ಯಾರೆಲ್ಲು, ಕೊನೆಗೆ ಹಿಟ್ಟು ನಾದುವ ಬುಟ್ಟಿ ಕೂಡ ತುಂಬಿಡುತ್ತಿದ್ದಳು. ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದೆ, ಡೆಕ್ ತೊಳೆಯುವ ಸುದ್ದಿ ಒಂದನ್ನು ಹೇಳಲಿಲ್ಲ.

ದಿನಕ್ಕ ಎಷ್ಟ್ ತಾಸ್ ದುಡಿಸ್ತಾರ?

2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲರೂ ಎಂಎಲ್‌ಸಿ ಅನ್ನುತ್ತಾರೆ. ಅದರ ಪ್ರಕಾರ 24 ತಾಸಿನಲ್ಲಿ ಕನಿಷ್ಠ 10 ತಾಸು, ಏಳು ದಿನದಲ್ಲಿ ಕನಿಷ್ಠ 77 ತಾಸು ವಿಶ್ರಾಂತಿ ಕೊಡಬೇಕು. ಚಾರ್ಟರ್ ನಡೆದಾಗ ನಾನು ನಸುಕಿನ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಒಲೆ ಆರಿಸಿದ ದಿನಗಳಿವೆ. ತಾಸುಗಳ ವಹಿಯಲ್ಲಿ ಮಾತ್ರ ಎಲ್ಲ ಸರಿ ಇತ್ತು, ಸಹಿ ನನ್ನದೇ. ಅತಿಥಿಗಳು ಇಲ್ಲದ ವಾರಗಳಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದು, ಭಾನುವಾರ ರಜೆ, ಸುಖ. ಇನ್ನೊಂದು ಮಾತು: ವ್ಯಾಪಾರಕ್ಕೆ ಇಳಿಯದ ಖಾಸಗಿ ಯಾಟ್‌ಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಅಲ್ಲಿ ಕರಾರು ಪತ್ರದಲ್ಲಿ ಏನಿದೆಯೋ ಅದೇ ಕಾನೂನು.

ಇರಾಕ ಖೋಲಿ ಹೆಂಗಿರ್ತೈತಿ?

ಸ್ಲೀಪರ್ ಬೋಗಿಯ ಎರಡು ಬರ್ತಿಗೆ ಒಂದು ಬಾಗಿಲು ಹಚ್ಚಿದರೆ ಹೇಗೋ ಹಾಗೆ. ಯಾಟ್‌ನ ಮೂತಿಯ ಕಡೆ, ನೀರಿನ ಮಟ್ಟಕ್ಕೆ. ನಸುಕಿನಲ್ಲಿ ಲಂಗರಿನ ಸರಪಳಿ ಎತ್ತಿದರೆ ತಲೆಯ ಪಕ್ಕದಲ್ಲೇ ಕಲ್ಲಿನ ಗಣಿ ನಡೆದಂತೆ. ಜಗಳವಾಡಿದವನ ಮೇಲಿನ ಬರ್ತಿನಲ್ಲೇ ಆ ರಾತ್ರಿ ಮಲಗಬೇಕು, ಎದ್ದು ಹೊರಗೆ ಹೋಗುತ್ತೇನೆ ಅನ್ನಲು ಹೊರಗೆ ನೀರು.

ಫಾರಿನ್ ಊರು ನೋಡಾಕ ಸಿಗ್ತಾವೇನು?

ದೂರದಿಂದ. ಮೊನಾಕೊ, ಫ್ರಾನ್ಸಿನ ಆಂಟಿಬ್, ಸ್ಪೇನಿನ ಪಾಲ್ಮಾ ಎಲ್ಲ ಕಡೆ ಇದ್ದೆ. ಅಲ್ಲಿ ನಾನು ಚೆನ್ನಾಗಿ ಬಲ್ಲದ್ದು ತರಕಾರಿ ಮಾರ್ಕೆಟ್ಟು. ಆದರೆ ಒಂದು ರಾತ್ರಿ ಪಾಳಿಯಲ್ಲಿದ್ದಾಗ ಇಟಲಿಯ ಸ್ಟ್ರಾಂಬೊಲಿ ದ್ವೀಪದ ಪಕ್ಕ ಹಾದೆವು. ಕತ್ತಲಲ್ಲಿ ಬೆಟ್ಟದ ತುದಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೆಂಪಗೆ ಉಗುಳುತ್ತಿತ್ತು, ಸದ್ದು ತಡವಾಗಿ ಬರುತ್ತಿತ್ತು. ಕೈಯಲ್ಲಿ ಚಹಾ ಇತ್ತು. ಆ ಅರ್ಧ ತಾಸಿಗೆ ಯಾರೂ ನನ್ನಿಂದ ಏನೂ ಕೇಳಲಿಲ್ಲ. ಈ ನೌಕರಿ ಕೊಟ್ಟದ್ದರಲ್ಲಿ ರೊಕ್ಕ ಬಿಟ್ಟರೆ ಅದನ್ನೇ ನಾನು ಎಣಿಸುವುದು.

ದೊಡ್ಡ ದೊಡ್ಡ ಮಂದಿ ಬರ್ತಾರಂತ, ಯಾರ್ಯಾರನ್ನ ನೋಡೀರಿ?

ಗೌಪ್ಯತಾ ಕರಾರಿಗೆ ಸಹಿ ಹಾಕಿದ್ದೇನೆ. ಸೆಲ್ಫಿಯೂ ಇಲ್ಲ.

ಏನೇನ್ ಕೋರ್ಸ್ ಮಾಡ್ಬೇಕು?

ಎಸ್‌ಟಿಸಿಡಬ್ಲ್ಯೂ ಅನ್ನುವ ಮೂಲ ಸುರಕ್ಷತಾ ತರಬೇತಿ ಇಲ್ಲದೆ ಯಾರೂ ಹತ್ತಿಸಿಕೊಳ್ಳುವುದಿಲ್ಲ. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಕೆಲಸದ ಜಾಗದ ಸುರಕ್ಷತೆ, ಭದ್ರತೆ, ಇಷ್ಟು ಭಾಗ. ನಮ್ಮ ಕಡೆಯವರಿಗೆ ಗೋವಾ ಅಥವಾ ಮುಂಬೈ ಹತ್ತಿರ. ನೀರು ಮತ್ತು ಬೆಂಕಿಯ ಭಾಗಗಳನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಜೊತೆಗೆ ಎರಡು ವರ್ಷದೊಳಗಿನ ವೈದ್ಯಕೀಯ ಪ್ರಮಾಣಪತ್ರ, ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಡುವ ಇಂಡಾಸ್ ಅನ್ನುವ ನಾವಿಕರ ಗುರುತಿನ ಸಂಖ್ಯೆ ಮತ್ತು ಸಿಡಿಸಿ ಅನ್ನುವ ನಾವಿಕರ ಪುಸ್ತಕ. ಪಾಸ್‌ಪೋರ್ಟ್ ಹುಬ್ಬಳ್ಳಿಯಲ್ಲೇ ಆಗುತ್ತದೆ.

ಕೋರ್ಸಿಗೆ ರೊಕ್ಕ ಕಟ್ಟುವ ಮೊದಲು ಕಣ್ಣು ತೋರಿಸಿಕೊಳ್ಳಿ. ರಾತ್ರಿ ಇನ್ನೊಂದು ಹಡಗಿನ ಕೆಂಪು ದೀಪ, ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೊರಟಿದೆ ಅಂತ ತಿಳಿಯಬೇಕು. ಬಣ್ಣ ಗುರುತಿಸಲು ಬಾರದವರಿಗೆ ಡೆಕ್ಕಿನ ಪಾಳಿ ಸಿಗದು. ಎಲ್ಲ ಫೀ ಕಟ್ಟಿ ಆಮೇಲೆ ಇದು ಗೊತ್ತಾದ ಹುಡುಗನನ್ನು ನಾನು ಬಲ್ಲೆ.

ವೀಸಾ ಹೆಂಗ್ ಮಾಡೂದು?

ಇದೇ ನಿಜವಾದ ಗೋಡೆ. ಇಂಗ್ಲೆಂಡ್, ಆಸ್ಟ್ರೇಲಿಯಾದ ಹುಡುಗರು ಆಂಟಿಬ್ ಬಂದರಿಗೆ ಹೋಗಿ, ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಅಂಗಿ ತೊಟ್ಟು, ಯಾಟ್‌ನಿಂದ ಯಾಟ್‌ಗೆ ಬಯೋಡೇಟಾ ಹಂಚುತ್ತ ನಡೆಯುತ್ತಾರೆ. ಇದಕ್ಕೆ ಡಾಕ್‌ವಾಕಿಂಗ್ ಅಂತ ಹೆಸರು. ವಿಡಿಯೋ ನೋಡಿ ನಮ್ಮವರೂ ಹಾಗೇ ಮಾಡುತ್ತೇವೆ ಅನ್ನುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮೊದಲೇ ಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಸಿಕ್ಕರೂ 180 ದಿನದಲ್ಲಿ 90 ದಿನ ಮಾತ್ರ. ಪ್ರವಾಸಿ ವೀಸಾದಲ್ಲಿ ಹೋಗಿ ದಿನಗೂಲಿ ಮಾಡುತ್ತ ಸಿಕ್ಕಿಬಿದ್ದರೆ ಮುಂದಿನ ವೀಸಾದ ಬಾಗಿಲೂ ಮುಚ್ಚುತ್ತದೆ. ಅಮೆರಿಕದ ನೀರಿಗೆ ಹೋಗುವ ಯಾಟ್‌ಗಳಂತೂ ಅಲ್ಲಿನ ಬಿ1/ಬಿ2 ಅನ್ನುವ ಸಂದರ್ಶಕರ ವೀಸಾ ಇದ್ದವರನ್ನೇ ಹುಡುಕುತ್ತವೆ.

ಹಾಗಾಗಿ ನಮಗೆ ಸುತ್ತುದಾರಿ. ಮೊದಲು ಕ್ರೂಸ್ ಹಡಗಿನಲ್ಲಿ ಎರಡು-ಮೂರು ಕರಾರು ಮುಗಿಸಿ, ಪಾಸ್‌ಪೋರ್ಟಿನಲ್ಲಿ ವೀಸಾ, ಕೈಯಲ್ಲಿ ಒಳ್ಳೆಯ ಶಿಫಾರಸು ಪತ್ರ ಮಾಡಿಕೊಂಡು ಆಮೇಲೆ ಯಾಟ್‌ಗೆ ಬರುವುದು. ನಾನು ಬಂದದ್ದು ಹೀಗೇ. ಅಡುಗೆ ಅಥವಾ ಎಂಜಿನ್ ಕೆಲಸ ಗೊತ್ತಿದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಬರೀ ಒರೆಸುವವರು ಅಲ್ಲೇ ಬೇಕಾದಷ್ಟು ಸಿಗುತ್ತಾರೆ.

ಒಬ್ಬ ಏಜೆಂಟ್ ಎರಡ್ ಲಕ್ಷ ಕೇಳಾಕತ್ತಾನ, ಕೊಡ್ಲೇನಣ್ಣಾ?

ಕೊಡಬೇಡ ತಮ್ಮಾ.

ನಾನು ಒಂದೂವರೆ ಲಕ್ಷ ಕೊಟ್ಟಿದ್ದೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದ. ಮುಂಬೈನ ಒಂದು ಮಹಡಿಯಲ್ಲಿ ಕಚೇರಿ, ಗೋಡೆ ತುಂಬ ಬಿಳಿ ಹಡಗುಗಳ ಫೋಟೋ, ಮೇಜಿನ ಮೇಲೆ ಲಂಗರಿನ ಆಕಾರದ ಪೇಪರ್‌ವೇಟು. ಎರಡು ತಿಂಗಳ ನಂತರ ಹೋದಾಗ ಅಲ್ಲಿ ಟ್ಯೂಷನ್ ಕ್ಲಾಸು ನಡೆದಿತ್ತು. ಆ ಸಾಲ ತೀರಿದ್ದು ಕ್ರೂಸ್ ಹಡಗಿನ ಎರಡನೇ ಕರಾರಿನಲ್ಲಿ.

ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ ಅಂತ ಎಂಎಲ್‌ಸಿಯಲ್ಲೇ ಇದೆ. ಪಾಸ್‌ಪೋರ್ಟ್, ಸಿಡಿಸಿ, ವೈದ್ಯಕೀಯ ತಪಾಸಣೆ, ಇವುಗಳ ಖರ್ಚು ಮಾತ್ರ ನಿಮ್ಮದು. ಭಾರತದಲ್ಲಿ ನಾವಿಕರನ್ನು ಹಡಗಿಗೆ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಅನ್ನುವ ನೇಮಕಾತಿ ಪರವಾನಗಿ ಬೇಕು. ಪರವಾನಗಿ ಇದ್ದವರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿದೆ, ಹೆಸರು ಹಾಕಿ ನೋಡಿ. ಯಾಟ್‌ನ ಹೆಸರು ಕೇಳಿ, ಅದು ಈಗ ಎಲ್ಲಿದೆ ಅಂತ ಹಡಗು ಪತ್ತೆಹಚ್ಚುವ ಆ್ಯಪ್‌ನಲ್ಲಿ ಹುಡುಕಿ. ಹೆಸರು ಹೇಳಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ನಂಗ ಈಜು ಬರಂಗಿಲ್ಲ. ನಡೀತೈತೇನು?

ನಡೆಯುವುದಿಲ್ಲ. ತಿಂಗಳು ಎರಡು ತಿಂಗಳಲ್ಲಿ ಕಲಿಯಬಹುದು, ಕಲಿಯಿರಿ. ಬಾವಿಯಲ್ಲಿ ಡಬ್ಬಿ ಕಟ್ಟಿಕೊಂಡು ಕಲಿತಿದ್ದರೂ ನಡೆದೀತು, ಉಸಿರು ಗಟ್ಟಿ ಇರಬೇಕು. ಸಮುದ್ರದಲ್ಲಿ ವಾಂತಿಯಾಗುವುದು ಬೇರೆ ವಿಷಯ, ನನಗೆ ಐದನೇ ವರ್ಷವೂ ಆಗುತ್ತಿತ್ತು. ಶುಂಠಿ ಕಡಿದು, ದಿಗಂತ ನೋಡುತ್ತ ನಿಲ್ಲುವುದು.

ನಾವು ಲಿಂಗಾಯತರ್ರಿ, ಮನ್ಯಾಗ ತತ್ತೀನೂ ತರಂಗಿಲ್ಲ. ಅಲ್ಲೆ ಊಟ?

ನಮ್ಮ ಮನೆಯೂ ಅದೇ. ಊಟಕ್ಕೆ ತೊಂದರೆಯಿಲ್ಲ, ಸಸ್ಯಾಹಾರ ಅಲ್ಲಿ ಹೊಸದೇನಲ್ಲ. ಆದರೆ ಅಡುಗೆಮನೆ, ಬಡಿಸುವ ಕೆಲಸ ಹಿಡಿದರೆ ದನ, ಹಂದಿ, ಮೀನು ಎಲ್ಲ ಮುಟ್ಟಲೇಬೇಕು. ಅದು ಒಲ್ಲೆ ಅಂದರೆ ಡೆಕ್ ಅಥವಾ ಎಂಜಿನ್ ಕಡೆ ಹೋಗಿ. ನಾನು ಬೇಯಿಸಿದೆ, ತಿನ್ನಲಿಲ್ಲ, ರುಚಿ ನೋಡಲು ಇನ್ನೊಬ್ಬನನ್ನು ಕರೆಯುತ್ತಿದ್ದೆ. ನಗುತ್ತಿದ್ದರು, ನಗಲಿ. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಬೇಳೆ ಸಾರು ಮಾಡಿದೆ. ಕೆಂಪು ಬಣ್ಣಕ್ಕೆ ಹೆದರಿ ಒಬ್ಬರೂ ಮುಟ್ಟಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಹಾವೇರಿಯವರಿಗೆ ಹೇಳಬೇಕಿಲ್ಲ, ಫಿಲಿಪ್ಪೀನ್ಸಿನ ಎಂಜಿನಿಯರ್‌ಗೆ ಹೇಳಬೇಕಾಯಿತು. ಆಮೇಲೆ ಅವನೇ ವಾರಕ್ಕೊಮ್ಮೆ ಕೇಳಿ ಮಾಡಿಸಿಕೊಂಡ.

ಇಷ್ಟಲಿಂಗದ ಬಗ್ಗೆ ಇಬ್ಬರು ಕೇಳಿದ್ದಾರೆ. ದಾರ ಗಿಡ್ಡ ಮಾಡಿ ಅಂಗಿಯ ಒಳಗೆ ಇರಲಿ, ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಉಂಗುರ ಮಾತ್ರ ತೆಗೆಯಿರಿ. ಎಳೆಯುವ ಹಗ್ಗಕ್ಕೆ ಉಂಗುರ ಸಿಕ್ಕರೆ ಬೆರಳೇ ಹೋಗುತ್ತದೆ.

ತಮ್ಮಾ, ಮಗಳನ್ನ ಕಳಸಬಹುದೇನಪಾ?

ಅಕ್ಕಾರ, ಒಳಗಿನ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ನನಗೆ ಕೆಲಸ ಕಲಿಸಿದ ಚೀಫ್ ಸ್ಟೂವರ್ಡೆಸ್ ಒಬ್ಬಾಕೆ ಕ್ಯಾಪ್ಟನ್ನನ್ನೇ ಬೂಟು ಬಿಚ್ಚಿಸಿ ಒಳಗೆ ಬಿಡುತ್ತಿದ್ದಳು. ಹಾಗಂತ ಎಲ್ಲ ಚಂದ ಅನ್ನಲಾರೆ. ಕುಡಿದ ಅತಿಥಿ, ಸಲಿಗೆ ಮಾಡುವ ಮೇಲಧಿಕಾರಿ, ಸುತ್ತ ನೀರು. ಜಾಹೀರಾತಿನಲ್ಲಿ ಕೆಲಸಕ್ಕಿಂತ ಮೊದಲು ಪೂರ್ತಿ ಅಳತೆಯ ಫೋಟೋ ಕೇಳುವವರಿದ್ದಾರೆ, ಅಲ್ಲಿಗೆ ಬೇಡವೇ ಬೇಡ. ಸೇರುವ ಮೊದಲು ಇಷ್ಟು ಕೇಳಿಸಿ: ಖೋಲಿಯಲ್ಲಿ ಜೊತೆಗೆ ಯಾರು, ಒಳಗಿನಿಂದ ಚಿಲಕ ಇದೆಯೇ, ಕ್ರೂನಲ್ಲಿ ಹೆಣ್ಣುಮಕ್ಕಳು ಎಷ್ಟು, ದೂರು ಕೊಡಬೇಕಾದರೆ ದಡದಲ್ಲಿ ಯಾರಿದ್ದಾರೆ, ಹಿಂದೆ ಆ ಜಾಗದಲ್ಲಿದ್ದ ಹುಡುಗಿಯ ಹತ್ತಿರ ಮಾತಾಡಿಸುತ್ತಾರೆಯೇ. ಕೊನೆಯದಕ್ಕೆ ಹೌದು ಅಂದರೆ ಅರ್ಧ ಭಯ ಬಿಡಿ. ನನ್ನ ತಂಗಿಯಾಗಿದ್ದರೆ ಚಾರ್ಟರ್ ಯಾಟ್‌ಗೆ ಕಳಿಸುತ್ತಿದ್ದೆ, ಖಾಸಗಿಗೆ ಕಳಿಸುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆ.

ಜೀವಕ್ಕ ಅಪಾಯ?

2024ರ ಆಗಸ್ಟ್ 19ರ ನಸುಕಿನಲ್ಲಿ ಸಿಸಿಲಿಯ ಪೋರ್ಟಿಚೆಲ್ಲೊ ಹತ್ತಿರ ಲಂಗರು ಹಾಕಿ ನಿಂತಿದ್ದ ‘ಬೇಯೇಷಿಯನ್’ ಎಂಬ 56 ಮೀಟರಿನ ಹಾಯಿ ಯಾಟ್ ಬಿರುಗಾಳಿಗೆ ಸಿಕ್ಕು ಮುಳುಗಿತು. ಇದ್ದ 22 ಮಂದಿಯಲ್ಲಿ 7 ಮಂದಿ ತೀರಿಕೊಂಡರು. ಒಡತಿಯ ಗಂಡನೂ ಅದರಲ್ಲಿದ್ದ, ಅಡುಗೆಯವನೂ ಇದ್ದ. ಇಂಥದ್ದು ಅಪರೂಪ. ಆದರೆ ತಿಂಗಳಿಗೊಮ್ಮೆ ಬೆಂಕಿ ಮತ್ತು ಹಡಗು ಬಿಡುವ ಅಭ್ಯಾಸ ಮಾಡಿಸಿದಾಗ ಆಕಳಿಸುತ್ತ ನಿಲ್ಲಬೇಡಿ.

ಇನ್ನೊಂದು ಅಪಾಯ ಹೊಟ್ಟೆಯದು. 2022ರಲ್ಲಿ ಯುದ್ಧ ಶುರುವಾದ ಮೇಲೆ ಯೂರೋಪಿನ ದೇಶಗಳು ರಷ್ಯಾದ ಸಿರಿವಂತರ ಹಲವು ಯಾಟ್‌ಗಳನ್ನು ಬಂದರಿನಲ್ಲೇ ತಡೆದವು. ಸಿರಿವಂತರು ಇನ್ನೊಂದು ಮನೆಗೆ ಹೋದರು, ಕೆಲಸ ಹೋದದ್ದು ಕ್ರೂಗೆ. ಮಾಲೀಕ ಕೈಬಿಟ್ಟರೆ ಊರಿಗೆ ಕಳಿಸುವ ಖರ್ಚು ಮತ್ತು ನಾಲ್ಕು ತಿಂಗಳ ತನಕದ ಬಾಕಿ ಪಗಾರಕ್ಕೆ ವಿಮೆಯಂಥ ಭದ್ರತೆ ಇರಬೇಕೆಂದು 2017ರ ಜನವರಿಯಿಂದ ಎಂಎಲ್‌ಸಿಯಲ್ಲಿ ಸೇರಿದೆ. ಅದರ ಪ್ರಮಾಣಪತ್ರ ಯಾಟ್‌ನಲ್ಲಿ ಕಾಣುವಂತೆ ತೂಗುಹಾಕಿರಬೇಕು, ಮೊದಲ ದಿನವೇ ಹುಡುಕಿ. ಯಾಟ್‌ನ ಹಿಂದೆ ಯಾವ ಬಾವುಟ ಹಾರುತ್ತಿದೆ ಅಂತಲೂ ನೋಡಿ. ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಪಕ್ಕದವರು ನಾವು, ಬಾವುಟ ಅಂದರೆ ಅಭಿಮಾನ ಅಂತ ತಿಳಿದಿದ್ದೇವೆ. ಅಲ್ಲಿ ಅದು ಕೇಮನ್ ದ್ವೀಪದ್ದೋ ಮಾಲ್ಟಾದ್ದೋ ಆಗಿರುತ್ತದೆ, ನಿಮ್ಮ ತಕರಾರು ಕೇಳಬೇಕಾದ್ದು ಆ ದೇಶ.

ಮನಿ ನೆನಪಾದ್ರ?

ವಾಟ್ಸ್ಆ್ಯಪ್ ಇದೆ, ಮುಖ ಕಾಣುತ್ತದೆ. ಅಟ್ಲಾಂಟಿಕ್ ಅರ್ಧ ದಾಟಿದ್ದಾಗ ನಮ್ಮ ಆಯಿ ಹೋದ ಸುದ್ದಿ ಬಂತು. ದಡ ಇನ್ನೂ ಆರು ದಿನ. ಮಣ್ಣು ಮಾಡುವುದನ್ನು ತಮ್ಮ ಫೋನಿನಲ್ಲಿ ತೋರಿಸಿದ. ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು. ಆ ಹೊತ್ತಿಗೆ ಹನ್ನೆರಡು ಮಂದಿಗೆ ಮಧ್ಯಾಹ್ನದ ಊಟ ಆಗಬೇಕಿತ್ತು, ಪಾಸ್ತಾ ಬೇಯುತ್ತಿತ್ತು. ಕ್ಯಾಪ್ಟನ್ ಒಳ್ಳೆಯವ, ರಜೆ ತಗೋ ಅಂದ. ರಜೆ ತೆಗೆದುಕೊಂಡು ಎಲ್ಲಿ ಹೋಗಲಿ? ಅಡುಗೆ ಮಾಡಿದೆ.

ಐದು ವರ್ಷದಲ್ಲಿ ನಾನು ಎರಡು ನಾಗರಪಂಚಮಿ, ಒಂದು ದೀಪಾವಳಿ ಮನೆಯಲ್ಲಿ ಮಾಡಿದೆ. ತಂಗಿಯ ಕೂಸು ನನ್ನನ್ನು ‘ಫೋನ್ ಮಾಮಾ’ ಅನ್ನುತ್ತಿತ್ತು.

ಹಂಗಾರ ಎಷ್ಟ್ ವರ್ಷ ಮಾಡ್ಬೇಕಂತೀರಿ?

ಇಷ್ಟು ರೊಕ್ಕ, ಇಂಥದ್ದಕ್ಕೆ ಅಂತ ಹಾಳೆಯ ಮೇಲೆ ಬರೆದು ಮನೆಯಲ್ಲಿ ಕೊಟ್ಟು ಹೋಗಿ. ನಾನು ಬರೆದದ್ದು: ಅಪ್ಪನ ಸಾಲ, ತಂಗಿಯ ಮದುವೆ, ಒಂದು ಸೈಟು. ಮೂರೂ ನಾಲ್ಕನೇ ವರ್ಷಕ್ಕೆ ಮುಗಿದಿದ್ದವು. ಐದನೇ ವರ್ಷ ಯಾಕೆ ಹೋದೆ ಅಂತ ಈಗಲೂ ಹೇಳಲು ಬರುವುದಿಲ್ಲ. ಬಿಟ್ಟು ಬರುವಾಗ ಎಷ್ಟು ದಿನ ಸಮುದ್ರದಲ್ಲಿದ್ದಿರಿ ಅನ್ನುವ ಪತ್ರಕ್ಕೆ ಕ್ಯಾಪ್ಟನ್ ಸಹಿ ಹಾಕಿಸಿಕೊಳ್ಳಿ, ಮತ್ತೆ ಹೋಗುವುದಿಲ್ಲ ಅಂತ ಆಣೆ ಮಾಡಿದ್ದರೂ.

ಬ್ಯಾಗಿನ್ಯಾಗ ಏನೇನ್ ಒಯ್ಯಬೇಕು?

ಗಟ್ಟಿ ಸೂಟ್‌ಕೇಸ್ ಬೇಡ, ಖೋಲಿಯಲ್ಲಿ ಇಡಲು ಜಾಗವಿಲ್ಲ. ಮಡಚಿ ಹಾಸಿಗೆಯ ಕೆಳಗೆ ತುರುಕಬಹುದಾದ ಬಟ್ಟೆಯ ಬ್ಯಾಗು ತೆಗೆದುಕೊಳ್ಳಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬ್ಯಾಡಗಿ ಖಾರಪುಡಿ ಎರಡೆರಡು ಪ್ಯಾಕೆಟ್ ಮಾಡಿ ಗಟ್ಟಿಯಾಗಿ ಸುತ್ತಿ ಇಡಿ. ಪೇಢಾ ಬೇಡ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯೂರೋಪಿಗೆ ಒಯ್ಯಲು ಬಿಡುವುದಿಲ್ಲ. ನನ್ನ ಅರ್ಧ ಕಿಲೋ ಧಾರವಾಡ ಪೇಢಾ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಯಿತು. ಹಾಕುವ ಮೊದಲು ಎರಡು ತಿಂದೆ. ಅಧಿಕಾರಿ ನೋಡುತ್ತ ನಿಂತಿದ್ದ, ಅವನಿಗೂ ಒಂದು ಚಾಚಿದೆ, ಒಲ್ಲೆ ಅಂದ.